ಟೆಸ್ಟರಿನೊಳಗಿನ ಪುಟ್ಟ ದೀಪ

ಫ್ಯಾನು ನಿಂತಾಗ, ಇಸ್ತ್ರಿ ಪೆಟ್ಟಿಗೆ ಬಿಸಿಯಾಗದಿದ್ದಾಗ, ಪಕ್ಕದ ಮನೆಯಲ್ಲಿ ದೀಪವಿದ್ದು ನಮ್ಮ ಮನೆಯಲ್ಲಿ ಮಾತ್ರ ಕತ್ತಲೆಯಾದಾಗ ಮೊದಲು ಕೇಳಿಬರುವ ಪ್ರಶ್ನೆ ‘ಟೆಸ್ಟರ್ ಎಲ್ಲಿಟ್ಟಿದ್ದೀರಿ?’ ಎಂಬುದು. ಸ್ಕ್ರೂಡ್ರೈವರಿನಂಥ ತುದಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಡಿ, ಮೇಲೊಂದು ಲೋಹದ ಟೋಪಿ. ತುದಿಯನ್ನು ಪ್ಲಗ್ಗಿನ ತೂತಿಗಿಟ್ಟು ಟೋಪಿಯ ಮೇಲೆ ಬೆರಳು ಒತ್ತಿದರೆ ಹಿಡಿಯೊಳಗೆ ಕಿತ್ತಳೆಗೆಂಪು ಬೆಳಕೊಂದು ಮಿನುಗುತ್ತದೆ. ಕರೆಂಟಿದೆ ಎಂದರ್ಥ. ಬೆಲೆ ಹೆಚ್ಚಿಲ್ಲ, ಬ್ಯಾಟರಿ ಬೇಕಿಲ್ಲ, ಕಲಿಯಬೇಕಾದ ವಿದ್ಯೆಯೂ ಇಲ್ಲ. ಇಷ್ಟು ಸರಳವಾಗಿರುವುದರಿಂದಲೇ ಇರಬೇಕು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವವರು ಕಡಿಮೆ.

ಕೇಳಬೇಕಾದ ಪ್ರಶ್ನೆ ಮಾತ್ರ ದೊಡ್ಡದೇ. 230 ವೋಲ್ಟಿನ ತಂತಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಪ್ರಾಣವೇ ಹೋಗಬಹುದು. ಅದೇ ತಂತಿಗೂ ನಮ್ಮ ಬೆರಳಿಗೂ ನಡುವೆ ಟೆಸ್ಟರನ್ನಿಟ್ಟಾಗ ವಿದ್ಯುತ್ತು ನಮ್ಮ ಮೈಯ ಮೂಲಕವೇ ಹರಿಯುತ್ತದೆ. ಆದರೂ ನಮಗೆ ಏನೂ ಗೊತ್ತಾಗುವುದಿಲ್ಲ. ಇದು ಸಾಧ್ಯವಾಗಿರುವುದು ಗಾಳಿಯಲ್ಲಿ ಅಡಗಿರುವ ಒಂದು ಅಪರೂಪದ ಅನಿಲದಿಂದ. ಆ ಅನಿಲವನ್ನು ಕಂಡುಹಿಡಿದ ಇಬ್ಬರು ವಿಜ್ಞಾನಿಗಳಿಗೂ ನಮ್ಮ ಬೆಂಗಳೂರಿಗೂ ನಂಟಿದೆ ಎಂಬುದು ಅನೇಕರಿಗೆ ತಿಳಿದಿರಲಾರದು.

ಗಾಳಿಯಲ್ಲಿ ಸಿಕ್ಕ ‘ಹೊಸದು’

1894ರಲ್ಲಿ ಲಾರ್ಡ್ ರ‍್ಯಾಲೆ ಮತ್ತು ವಿಲಿಯಂ ರ‍್ಯಾಮ್ಸೆ ಗಾಳಿಯಲ್ಲಿ ಆರ್ಗಾನ್ ಎಂಬ ಅನಿಲವಿರುವುದನ್ನು ಕಂಡುಹಿಡಿದರು. ಬೇರಾವ ವಸ್ತುವಿನೊಡನೆಯೂ ಸುಲಭವಾಗಿ ಬೆರೆಯದ ಜಡಾನಿಲ ಅದು. ಇಂಥ ಒಂದು ಅನಿಲ ಇದ್ದ ಮೇಲೆ ಅದರ ಬಂಧುಗಳೂ ಇರಬೇಕೆಂದು ರ‍್ಯಾಮ್ಸೆ ತರ್ಕಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತಮ್ಮ ತರುಣ ಸಹಾಯಕ ಮೋರಿಸ್ ಟ್ರಾವರ್ಸ್ ಅವರೊಡನೆ ಹುಡುಕಾಟಕ್ಕೆ ಇಳಿದರು.

ಅವರು ಹಿಡಿದ ದಾರಿ ಭಟ್ಟಿ ಇಳಿಸುವ ದಾರಿಯೇ. ಗಾಳಿಯನ್ನು ಅತಿಯಾಗಿ ತಣ್ಣಗೆ ಮಾಡಿದರೆ ಅದು ನೀರಿನಂತೆ ದ್ರವವಾಗುತ್ತದೆ. ಆ ದ್ರವವನ್ನು ನಿಧಾನವಾಗಿ ಕುದಿಯಲು ಬಿಟ್ಟರೆ ಅದರಲ್ಲಿರುವ ಅನಿಲಗಳು ತಮ್ಮ ತಮ್ಮ ಕುದಿಯುವ ಉಷ್ಣತೆಗೆ ತಕ್ಕಂತೆ ಒಂದೊಂದಾಗಿ ಹೊರಬರುತ್ತವೆ. 1898ರ ಮೇ ತಿಂಗಳಲ್ಲಿ ಕ್ರಿಪ್ಟಾನ್ ಸಿಕ್ಕಿತು. ಜೂನ್ ತಿಂಗಳಲ್ಲಿ ಆರ್ಗಾನನ್ನು ದ್ರವವಾಗಿಸಿ, ಅದರಿಂದ ಮೊದಲು ಹೊರಬಂದ ಹಗುರ ಭಾಗವನ್ನು ಗಾಜಿನ ನಳಿಕೆಗೆ ತುಂಬಿ ವಿದ್ಯುತ್ತು ಹರಿಸಿದಾಗ ನಳಿಕೆಯ ತುಂಬ ಕಡುಗೆಂಪು ಬೆಳಕು ಉಕ್ಕಿತು. ಅದುವರೆಗೆ ಯಾರೂ ಕಂಡಿರದ ಬಣ್ಣ. ಹೊಸ ಧಾತುವೊಂದು ಸಿಕ್ಕಿದೆಯೆಂದು ಹೇಳಲು ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಇದಕ್ಕೆ ‘ಹೊಸದು’ ಎಂಬ ಅರ್ಥದ ಲ್ಯಾಟಿನ್ ಪದವನ್ನೇ ಹೆಸರಾಗಿಡಬಹುದೆಂದು ರ‍್ಯಾಮ್ಸೆಯವರ 13 ವರ್ಷದ ಮಗ ಸೂಚಿಸಿದನಂತೆ. ತಂದೆ ಅದೇ ಅರ್ಥದ ಗ್ರೀಕ್ ಪದವನ್ನು ಆರಿಸಿಕೊಂಡರು. ‘ನಿಯಾನ್’ ಹುಟ್ಟಿದ್ದು ಹೀಗೆ. ಜುಲೈನಲ್ಲಿ ಜೀನಾನ್ ಕೂಡ ಸಿಕ್ಕಿತು. ಈ ಜಡಾನಿಲಗಳ ಶೋಧಕ್ಕಾಗಿ ರ‍್ಯಾಮ್ಸೆಯವರಿಗೆ 1904ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಇನ್ನು ಬೆಂಗಳೂರಿನ ನಂಟು. ಭಾರತದಲ್ಲೊಂದು ಉನ್ನತ ವಿಜ್ಞಾನ ಸಂಸ್ಥೆ ಆಗಬೇಕೆಂದು ಕನಸು ಕಂಡಿದ್ದ ಜಮ್‌ಶೆಟ್‌ಜಿ ಟಾಟಾ ಅವರ ಯೋಜನೆಯನ್ನು ಪರಿಶೀಲಿಸಲು ರ‍್ಯಾಮ್ಸೆ 1900ರಲ್ಲಿ ಭಾರತಕ್ಕೆ ಬಂದರು. ದೇಶವನ್ನು ಸುತ್ತಿ ನೋಡಿ, ಸಂಸ್ಥೆಗೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನ ಸುಮಾರು 371 ಎಕರೆ ಜಮೀನು ಕೊಟ್ಟಿತು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ ನೇಮಕಗೊಂಡವರು ಬೇರಾರೂ ಅಲ್ಲ, ನಿಯಾನಿನ ಕೆಂಪು ಬೆಳಕನ್ನು ಮೊದಲು ಕಂಡ ಇಬ್ಬರಲ್ಲಿ ಒಬ್ಬರಾದ ಟ್ರಾವರ್ಸ್. ಅವರು 1906ರಲ್ಲಿ ಬಂದು 1914ರವರೆಗೆ ಆ ಹೊಣೆ ಹೊತ್ತಿದ್ದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟಿನಲ್ಲಿ. ಅಂದರೆ ಟ್ರಾವರ್ಸ್ ಬಂದಾಗ ಊರಿಗೆ ಕರೆಂಟು ಬಂದು ಒಂದೇ ವರ್ಷವಾಗಿತ್ತು. ತಾವು ಕಂಡುಹಿಡಿದ ಅನಿಲ ಮುಂದೆ ಅದೇ ಊರಿನ ಮನೆಮನೆಯ ಸ್ವಿಚ್ ಬೋರ್ಡಿನಲ್ಲಿ ಕೂರುತ್ತದೆಂದು ಅವರು ಊಹಿಸಿರಲಿಕ್ಕಿಲ್ಲ.

ಪ್ರದರ್ಶನದ ವಸ್ತು ಪೇಟೆಗೆ ಬಂದದ್ದು

ಮೊದಲ ಹತ್ತು ವರ್ಷ ನಿಯಾನ್ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ಕಾರಣ, ಅದರ ಕೊರತೆ. ಒಂದು ಲೀಟರ್ ನಿಯಾನ್ ಬೇಕೆಂದರೆ ಸುಮಾರು 55,000 ಲೀಟರ್ ಗಾಳಿಯನ್ನು ಸೋಸಬೇಕು. ಈ ಕಷ್ಟ ಬಗೆಹರಿದದ್ದು ಫ್ರಾನ್ಸಿನ ಜಾರ್ಜ್ ಕ್ಲಾಡ್ ಅವರಿಂದ. ಗಾಳಿಯನ್ನು ದ್ರವವಾಗಿಸಿ ಆಮ್ಲಜನಕ ತಯಾರಿಸುವ ಉದ್ಯಮ ಅವರದು. ಅದರಲ್ಲಿ ನಿಯಾನ್ ತಾನಾಗಿಯೇ ಉಪವಸ್ತುವಾಗಿ ಉಳಿಯುತ್ತಿತ್ತು. 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅವರು ನಿಯಾನ್ ತುಂಬಿದ ಉದ್ದನೆಯ ನಳಿಕೆಗಳನ್ನು ಬೆಳಗಿಸಿ ಜನರನ್ನು ಬೆರಗುಗೊಳಿಸಿದರು. ಸಿನಿಮಾ ಮಂದಿರ, ಹೋಟೆಲು, ಬಟ್ಟೆ ಅಂಗಡಿಗಳ ನೆತ್ತಿಯ ಮೇಲೆ ಬಳಿಕ ಹಲವು ದಶಕ ಮೆರೆದ ನಿಯಾನ್ ಫಲಕಗಳ ಮೂಲ ಅದು.

ಆದರೆ ಆ ಉದ್ದನೆಯ ನಳಿಕೆ ಬೆಳಗಲು ಸಾವಿರಾರು ವೋಲ್ಟುಗಳು ಬೇಕು. ಮನೆಯ ಕರೆಂಟಿಗೇ ಉರಿಯುವ ಬೆರಳಿನುಗುರಿನಷ್ಟು ನಿಯಾನ್ ದೀಪವನ್ನು ರೂಪಿಸಿದವರು ಅಮೆರಿಕದ ಡೇನಿಯಲ್ ಮೆಕ್‌ಫಾರ್ಲನ್ ಮೂರ್. ಇವರು ಮೊದಲು ಎಡಿಸನ್ ಕಂಪೆನಿಯಲ್ಲಿದ್ದವರು. ಅನಿಲ ತುಂಬಿದ ನಳಿಕೆಯಿಂದ ಬೆಳಕು ಪಡೆಯುವ ಹುಚ್ಚು ಹಚ್ಚಿಕೊಂಡಿದ್ದರು. ‘ನನ್ನ ಬಲ್ಬಿಗೇನಾಗಿದೆ?’ ಎಂದು ಎಡಿಸನ್ ಕೇಳಿದಾಗ, ಅದು ತೀರ ಚಿಕ್ಕದು, ತೀರ ಬಿಸಿ, ತೀರ ಕೆಂಪು ಎಂದು ಮೂರ್ ಉತ್ತರಿಸಿದರೆಂಬ ಕಥೆಯೊಂದು ಪ್ರಚಲಿತವಾಗಿದೆ. 1894ರಲ್ಲಿ ಕೆಲಸ ಬಿಟ್ಟು ಸ್ವಂತ ಕಂಪೆನಿ ತೆರೆದ ಅವರು ಸಾರಜನಕ ಮತ್ತು ಇಂಗಾಲಾಮ್ಲ ಅನಿಲ ತುಂಬಿದ ಉದ್ದುದ್ದ ನಳಿಕೆಗಳಿಂದ ಅಂಗಡಿಗಳನ್ನು ಬೆಳಗಿಸಿದರು. ಟಂಗ್‌ಸ್ಟನ್ ತಂತುವಿನ ಬಲ್ಬು ಸುಧಾರಿಸಿದ ಮೇಲೆ ಆ ನಳಿಕೆಗಳಿಗೆ ಬೇಡಿಕೆ ಕುಸಿಯಿತು. 1912ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿ ಅವರ ಉದ್ಯಮವನ್ನು ಕೊಂಡುಕೊಂಡಿತು, ಅವರೂ ಅಲ್ಲಿಗೇ ಸೇರಿದರು. ಅಲ್ಲಿ 1917ರಲ್ಲಿ ಅವರು ಮಾಡಿದ ಪುಟ್ಟ ನಿಯಾನ್ ದೀಪವೇ ನಮ್ಮ ಟೆಸ್ಟರಿನ ದೀಪದ ಪೂರ್ವಜ. ಎಡಿಸನ್ನರ ಬಲ್ಬು ಚಿಕ್ಕದು, ಕೆಂಪು ಎಂದು ಹಳಿದವರು ಕೊನೆಗೆ ಹೆಸರಾದದ್ದು ಅದಕ್ಕಿಂತ ಚಿಕ್ಕದೂ ಕೆಂಪೂ ಆದ ದೀಪದಿಂದ! ಆದರೆ ಒಂದು ಮಾತು, ಅದು ಬಿಸಿ ಮಾತ್ರ ಆಗುತ್ತಿರಲಿಲ್ಲ.

ಆ ದೀಪಕ್ಕೆ ಇನ್ನೊಂದು ಗುಣವಿತ್ತು. ತಂತುವಿನ ಬಲ್ಬು ಆರಿದ ಮೇಲೂ ಕ್ಷಣಕಾಲ ಕೆಂಪಾಗಿ ಉಳಿಯುತ್ತದೆ. ನಿಯಾನ್ ದೀಪ ಹಾಗಲ್ಲ, ಕಣ್ಣು ಹಿಡಿಯಲಾರದಷ್ಟು ವೇಗದಲ್ಲಿ ಹೊತ್ತಿ ಆರಬಲ್ಲದು. ಆದ್ದರಿಂದಲೇ 1920ರ ದಶಕದಲ್ಲಿ ಜಾನ್ ಲೋಗಿ ಬೇರ್ಡ್ ಮೊದಲಾದವರ ಆರಂಭದ ಟೆಲಿವಿಷನ್ ಯಂತ್ರಗಳಲ್ಲಿ ಚಿತ್ರ ಮೂಡಿಸಲು ನಿಯಾನ್ ದೀಪವನ್ನೇ ಬಳಸಿದರು. ಆ ಚಿತ್ರಗಳು ಕಪ್ಪು ಬಿಳುಪಾಗಿರಲಿಲ್ಲ, ಕಪ್ಪು ಕಿತ್ತಳೆಯಾಗಿದ್ದವು. ಮೂರ್ ಅವರ ಕೊನೆ ಮಾತ್ರ ದುರಂತ. 1936ರಲ್ಲಿ, ತನ್ನದೆಂದುಕೊಂಡಿದ್ದ ಆವಿಷ್ಕಾರದ ಪೇಟೆಂಟ್ ಮೂರ್ ಅವರಿಗೆ ಹೋಗಿದೆಯೆಂದು ಕ್ರುದ್ಧನಾದ ನಿರುದ್ಯೋಗಿ ಸಂಶೋಧಕನೊಬ್ಬ ಅವರ ಮನೆಯ ಬಳಿಯೇ ಗುಂಡಿಟ್ಟು ಕೊಂದ.

ಕೆರೆ ಕೋಡಿ ಬಿದ್ದಂತೆ

ಈಗ ದೀಪದೊಳಕ್ಕೆ ಇಣುಕೋಣ. ಸಣ್ಣ ಗಾಜಿನ ಗುಳಿಗೆ, ಅದರೊಳಗೆ ಒಂದಕ್ಕೊಂದು ತಾಗದಂತೆ ನಿಂತ ಎರಡು ಲೋಹದ ಕಡ್ಡಿಗಳು, ಸುತ್ತ ಬಹಳ ಕಡಿಮೆ ಒತ್ತಡದಲ್ಲಿ ತುಂಬಿದ ನಿಯಾನ್. ಉರಿಯುವ ತಂತು ಇಲ್ಲವೇ ಇಲ್ಲ. ಹಾಗಿದ್ದರೆ ಬೆಳಕೆಲ್ಲಿಂದ?

ನಿಯಾನ್ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಯಾವ ಅನಿಲದಲ್ಲೂ ಒಂದಷ್ಟು ಬಿಡಿ ಇಲೆಕ್ಟ್ರಾನುಗಳು ಅಲೆದಾಡುತ್ತಿರುತ್ತವೆ. ಕಡ್ಡಿಗಳ ನಡುವೆ ವೋಲ್ಟೇಜು ಬಂದಾಗ ಅವು ಒಂದು ಕಡೆಗೆ ಓಡತೊಡಗುತ್ತವೆ. ವೋಲ್ಟೇಜು ಕಡಿಮೆಯಿದ್ದರೆ ದಾರಿಯಲ್ಲಿ ನಿಯಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಸುಮ್ಮನಾಗುತ್ತವೆ. ಸಾಕಷ್ಟು ಹೆಚ್ಚಿದ್ದರೆ ಡಿಕ್ಕಿಯ ರಭಸಕ್ಕೆ ಪರಮಾಣುವಿನಿಂದ ಇನ್ನೊಂದು ಇಲೆಕ್ಟ್ರಾನ್ ಸಿಡಿಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣಾರ್ಧದಲ್ಲಿ ಅನಿಲವೇ ವಾಹಕವಾಗಿಬಿಡುತ್ತದೆ. ಇನ್ನು ಕೆಲವು ಡಿಕ್ಕಿಗಳಲ್ಲಿ ಇಲೆಕ್ಟ್ರಾನ್ ಸಿಡಿಯದೆ ಪರಮಾಣು ಬರೇ ಉದ್ರೇಕಗೊಳ್ಳುತ್ತದೆ. ಅದು ಪೂರ್ವಸ್ಥಿತಿಗೆ ಮರಳುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಹೊರಗೆಡಹುತ್ತದೆ. ನಿಯಾನಿನ ಮಟ್ಟಿಗೆ ಆ ಬೆಳಕಿನ ಬಹುಭಾಗ ಹಳದಿಗಿತ್ತಳೆಯಿಂದ ಕೆಂಪಿನವರೆಗಿನದು.

ಇದಕ್ಕೆ ಒಂದು ಮಿತಿ ಮಟ್ಟವಿದೆ. ಕೆರೆ ತುಂಬುವವರೆಗೆ ಕೋಡಿಯಲ್ಲಿ ಒಂದು ಹನಿಯೂ ಹರಿಯುವುದಿಲ್ಲ, ತುಂಬಿದೊಡನೆ ಧುಮುಕುತ್ತದೆ. ಹಾಗೆಯೇ ಈ ದೀಪ ಸುಮಾರು 60ರಿಂದ 90 ವೋಲ್ಟಿನೊಳಗಿನ ಯಾವುದೋ ಒಂದು ಮಟ್ಟದವರೆಗೆ ಸುಮ್ಮನಿದ್ದು ಆಮೇಲೆ ತಟ್ಟನೆ ಹೊತ್ತಿಕೊಳ್ಳುತ್ತದೆ. ಟಾರ್ಚಿನ ಬ್ಯಾಟರಿಗೆ, ಸ್ಕೂಟರಿನ 12 ವೋಲ್ಟಿಗೆ ಟೆಸ್ಟರ್ ಉರಿಯದಿರುವುದು ಇದರಿಂದಲೇ. ನಿಯಾನಿಗೆ ಚಿಟಿಕೆಯಷ್ಟು ಆರ್ಗಾನ್ ಬೆರೆಸಿದರೆ ದೀಪ ಕಡಿಮೆ ವೋಲ್ಟಿಗೇ ಹೊತ್ತುತ್ತದೆ. ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯ ಫ್ರಾನ್ಸ್ ಪೆನ್ನಿಂಗ್ ಇದನ್ನು 1920ರ ದಶಕದಲ್ಲಿ ವಿವರಿಸಿದರು.

ಹೊತ್ತಿಕೊಂಡ ಮೇಲೆ ಇನ್ನೊಂದು ತೊಡಕು. ಅನಿಲದ ಅಡ್ಡಿ ಒಮ್ಮೆಗೇ ಕುಸಿಯುವುದರಿಂದ ಕರೆಂಟು ಹೆಚ್ಚುತ್ತಲೇ ಹೋಗುತ್ತದೆ. ಕೋಡಿಯಲ್ಲಿ ಹರಿಯಬೇಕಾದ ನೀರು ಏರಿಯನ್ನೇ ಒಡೆದುಕೊಂಡು ನುಗ್ಗಿದಂತೆ. ಅದನ್ನು ತಡೆಯಲು ದೀಪದೊಡನೆ ಒಂದು ರೆಸಿಸ್ಟರ್ ಇರಲೇಬೇಕು. ಟೆಸ್ಟರನ್ನು ಬಿಚ್ಚಿದರೆ ಸ್ಪ್ರಿಂಗು, ದೀಪಗಳ ಜತೆ ಕಡ್ಡಿಯಂಥ ಒಂದು ತುಂಡು ಸಿಗುತ್ತದಲ್ಲ, ಅದೇ ಇದು. ಸಾಮಾನ್ಯವಾಗಿ ಅದರ ಅಡ್ಡಿ 10 ಲಕ್ಷ ಓಮ್ ಆಸುಪಾಸು. ದೀಪವನ್ನಷ್ಟೇ ಅಲ್ಲ, ಹಿಡಿದವರನ್ನೂ ಕಾಯುವುದು ಅದೇ.

ಕರೆಂಟು ನಮ್ಮ ಮೈಯಲ್ಲೇ

ವಿದ್ಯುತ್ತು ಹರಿಯಬೇಕಾದರೆ ಸುತ್ತು ಪೂರ್ಣವಾಗಬೇಕು. ಟೆಸ್ಟರಿನಲ್ಲಿರುವುದು ಒಂದೇ ತುದಿ, ಇನ್ನೊಂದು ತುದಿ ಯಾವುದು? ನಾವೇ. ಫೇಸ್ ತಂತಿಯಿಂದ ಹೊರಟ ಕರೆಂಟು ರೆಸಿಸ್ಟರ್, ದೀಪ, ಬೆರಳು, ಮೈ ಇವುಗಳ ಮೂಲಕ ಹಾದು ನೆಲ ಸೇರುತ್ತದೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೂ ಹೆಚ್ಚೆಂದರೆ 0.17 ಮಿಲಿ ಆಂಪಿಯರ್. ನಮ್ಮ ಚರ್ಮಕ್ಕೆ ಜುಂ ಎನಿಸಲು ಸುಮಾರು ಅರ್ಧದಿಂದ ಒಂದು ಮಿಲಿ ಆಂಪಿಯರ್ ಬೇಕು. ಹತ್ತರ ಆಸುಪಾಸಿಗೆ ಬಂದರೆ ಸ್ನಾಯು ಬಿಗಿದು ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಮೂವತ್ತನ್ನು ದಾಟಿದರೆ ಹೃದಯಕ್ಕೇ ಅಪಾಯ. ಒಂದು 40 ವ್ಯಾಟಿನ ಬಲ್ಬು ಎಳೆಯುವ ಕರೆಂಟಿನ ಸಾವಿರದ ಒಂದು ಪಾಲಿನಷ್ಟರಲ್ಲಿ ನಿಯಾನ್ ದೀಪ ಕಾಣುವಂತೆ ಉರಿಯುತ್ತದೆ. ಅದರ ಹಿರಿಮೆ ಇರುವುದು ಇಲ್ಲಿ.

ರಬ್ಬರ್ ಚಪ್ಪಲಿ ಹಾಕಿ ನಿಂತರೂ ಟೆಸ್ಟರ್ ಉರಿಯುತ್ತದಲ್ಲ, ಅದು ಹೇಗೆ? ಫ್ಯಾನಿನಲ್ಲಿರುವ ಕಂಡೆನ್ಸರನ್ನು ನೆನಪಿಸಿಕೊಳ್ಳಿ. ಒಂದಕ್ಕೊಂದು ತಾಗದ ಎರಡು ಲೋಹದ ಹಾಳೆಗಳು, ನಡುವೆ ನಿರೋಧಕ. ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಕರೆಂಟಿಗೆ ಅದು ತಡೆಯಲ್ಲ. ನಮ್ಮ ಮೈ ಒಂದು ಹಾಳೆ, ನೆಲ ಇನ್ನೊಂದು ಹಾಳೆ, ಚಪ್ಪಲಿ ನಡುವಿನ ನಿರೋಧಕ. ಈ ಮಾನವ ಕಂಡೆನ್ಸರಿನ ಮೂಲಕ ಹರಿಯುವುದು ಕೆಲವೇ ಮೈಕ್ರೋ ಆಂಪಿಯರ್. ಮಂದವಾಗಿಯಾದರೂ ದೀಪ ಕಾಣಲು ಅಷ್ಟು ಸಾಕು. ಇನ್ನೊಂದು ಕೈಯಿಂದ ಗೋಡೆ ಮುಟ್ಟಿದರೆ ಬೆಳಕು ಹೆಚ್ಚುವುದೂ ಇದರಿಂದಲೇ: ಕರೆಂಟಿಗೆ ಇನ್ನೂ ಸುಲಭವಾದ ದಾರಿ ಸಿಕ್ಕಿತು.

ಸ್ವಿಚ್ ಬೋರ್ಡಿನ ಇಂಡಿಕೇಟರಿನಲ್ಲೂ ಇದೇ ದೀಪ. ಅಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡೂ ಇರುವುದರಿಂದ ನಮ್ಮ ಮೈ ಬೇಕಿಲ್ಲ. ಹಳೆಯದಾದ ಇಂಡಿಕೇಟರು ಗಾಳಿಗೆ ಸಿಕ್ಕ ಸೊಡರಿನಂತೆ ಚಡಪಡಿಸುವುದನ್ನು ನೀವು ಕಂಡಿರಬಹುದು. ವರ್ಷಗಟ್ಟಲೆ ಉರಿದಾಗ ಕಡ್ಡಿಯ ಲೋಹ ಕಣಕಣವಾಗಿ ಸವೆದು ಗಾಜಿನ ಒಳಮೈಗೆ ಮಸಿಯಂತೆ ಮೆತ್ತಿಕೊಳ್ಳುತ್ತದೆ, ಹೊತ್ತಿಕೊಳ್ಳಲು ಬೇಕಾದ ವೋಲ್ಟೇಜು ಏರುತ್ತ ಹೋಗುತ್ತದೆ. ದೀಪಕ್ಕೆ ವಯಸ್ಸಾದ ಲಕ್ಷಣ ಅದು.

ಮೌನದ ಅರ್ಥ

ಟೆಸ್ಟರ್ ಬರುವ ಮುನ್ನ ಕೆಲಸಗಾರರು ಏನು ಮಾಡುತ್ತಿದ್ದರು? ಟೆರೆಲ್ ಕ್ರಾಫ್ಟ್ ಎಂಬುವರು ಆರಂಭಿಸಿದ ಅಮೆರಿಕದ ಪ್ರಸಿದ್ಧ ಎಲೆಕ್ಟ್ರೀಷಿಯನ್ ಕೈಪಿಡಿಯ ಹಳೆಯ ಮುದ್ರಣಗಳಲ್ಲಿ ಬೆರಳಿನಿಂದ ತಂತಿ ಮುಟ್ಟಿ ಕರೆಂಟು ಪತ್ತೆಹಚ್ಚುವ ವಿಧಾನವನ್ನು ಗಂಭೀರವಾಗಿಯೇ ವಿವರಿಸಲಾಗಿದೆ. ಗಂಟೆಯ ತಂತಿಯಂಥ ಕಡಿಮೆ ವೋಲ್ಟಿನವುಗಳನ್ನು ನಾಲಗೆಯಿಂದ ರುಚಿ ನೋಡುವ ಮಾತೂ ಅದರಲ್ಲಿದೆ. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಪುಟ್ಟ ನಿಯಾನ್ ದೀಪ ಎಷ್ಟು ಜನರ ಬೆರಳನ್ನು ಉಳಿಸಿತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಉಪಕಾರಿಯಾದ ವಸ್ತುವನ್ನು ಅದರ ಶಕ್ತಿಗೆ ಮೀರಿ ನಂಬುವುದು ಮನುಷ್ಯ ಸ್ವಭಾವ. ಟೆಸ್ಟರ್ ‘ಕರೆಂಟಿದೆ’ ಎಂದು ಹೇಳುವುದು ಬೆಳಕಿನ ಮೂಲಕ, ‘ಇಲ್ಲ’ ಎಂದು ಹೇಳುವುದು ಮೌನದ ಮೂಲಕ. ದೀಪವೇ ಸತ್ತಿದ್ದರೂ ಮೌನವೇ. ರೆಸಿಸ್ಟರ್ ತುಂಡಾಗಿದ್ದರೂ, ಸ್ಪ್ರಿಂಗ್ ಸಡಿಲವಾಗಿದ್ದರೂ, ಟೋಪಿಗೆ ಬೆರಳು ಸರಿಯಾಗಿ ತಾಗದಿದ್ದರೂ ಮೌನವೇ. ಒಣ ಮರದ ಏಣಿಯ ಮೇಲೆ ಎತ್ತರದಲ್ಲಿ ನಿಂತವರ ಮೈಗೂ ನೆಲಕ್ಕೂ ನಡುವಿನ ಕಂಡೆನ್ಸರ್ ದುರ್ಬಲವಾಗಿ ಬೆಳಕು ಕ್ಷೀಣಿಸುತ್ತದೆ. ಬಿಸಿಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಇವುಗಳಲ್ಲಿ ಯಾವುದು ನಿಜವಾದ ‘ಇಲ್ಲ’ ಎಂದು ತಿಳಿಯುವ ಬಗೆ ಟೆಸ್ಟರಿನಲ್ಲಿಲ್ಲ. ತಪ್ಪಿದಾಗ ಅದು ಅಪಾಯದ ಕಡೆಗೇ ತಪ್ಪುತ್ತದೆ ಎಂಬುದನ್ನು ಮರೆಯಬಾರದು.

ಉರಿದಾಗಲೂ ಅದರ ಮಾತನ್ನು ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಪ್ಲಗ್ಗಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿಯುತ್ತದೆ, ಆದರೆ ಮನೆಯಲ್ಲಿ ಒಂದು ದೀಪವೂ ಹೊತ್ತುವುದಿಲ್ಲ. ಹಳ್ಳಿ ಪಟ್ಟಣಗಳೆನ್ನದೆ ಇದು ಎಲ್ಲರೂ ಕಂಡಿರುವ ಸೋಜಿಗ. ಕಾರಣ, ಎಲ್ಲೋ ನ್ಯೂಟ್ರಲ್ ಕಡಿದಿದೆ. ಸ್ವಿಚ್ ಹಾಕಿಯೇ ಇರುವ ಬಲ್ಬು, ಫ್ಯಾನುಗಳ ಮೂಲಕ ಫೇಸಿನ ವೋಲ್ಟೇಜು ದಾಟಿ ನ್ಯೂಟ್ರಲ್ ತಂತಿಗೂ ಬಂದು ಕೂತಿದೆ. ಮರಳಿ ಹೋಗಲು ದಾರಿಯಿಲ್ಲ. ಕರಿ ತಂತಿ ನ್ಯೂಟ್ರಲ್, ಅದನ್ನು ಮುಟ್ಟಬಹುದು ಎಂದು ನಂಬಿದವರಿಗೆ ಶಾಕ್ ಹೊಡೆಯುವುದು ಇಂಥ ವೇಳೆಯಲ್ಲೇ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಹಾಕಿದ ಮನೆಗಳಲ್ಲಿ ಬಲ್ಬು ಆರಿದ್ದರೂ ಹೋಲ್ಡರಿನಲ್ಲಿ ಪೂರ್ತಿ ಕರೆಂಟು ಕಾದಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಎಲ್ಲಿಗೂ ಜೋಡಿಸದ ತಂತಿಯೂ ಒಂದೇ ಪೈಪಿನಲ್ಲಿ ಫೇಸ್ ತಂತಿಯ ಪಕ್ಕ ಉದ್ದಕ್ಕೆ ಮಲಗಿದ್ದರೆ ಟೆಸ್ಟರಿನಲ್ಲಿ ಮಂದವಾಗಿ ಮಿನುಗಬಹುದು. ಕೆಲವೇ ಮೈಕ್ರೋ ಆಂಪಿಯರಿಗೆ ಉರಿಯುವ ದೀಪಕ್ಕೆ ನಿಜವಾದ ಕರೆಂಟಿಗೂ ಇಂಥ ನೆರಳಿಗೂ ವ್ಯತ್ಯಾಸ ತಿಳಿಯದು. ಆದ್ದರಿಂದ ಅನುಭವಿ ಎಲೆಕ್ಟ್ರೀಷಿಯನ್ನರು ಎರಡು ತಂತಿಯ ಟೆಸ್ಟ್ ಲ್ಯಾಂಪನ್ನೋ ಮೀಟರನ್ನೋ ಜತೆಗಿಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಟೆಸ್ಟರ್ ಬಳಸುವವರು ಒಂದು ಸಣ್ಣ ಅಭ್ಯಾಸ ಬೆಳೆಸಿಕೊಂಡರೆ ಒಳ್ಳೆಯದು. ಮೊದಲು ಕರೆಂಟಿದೆಯೆಂದು ಖಚಿತವಾಗಿ ಗೊತ್ತಿರುವ ಪ್ಲಗ್ಗಿನಲ್ಲಿಟ್ಟು ಟೆಸ್ಟರ್ ಉರಿಯುವುದೇ ನೋಡಿ. ಬಳಿಕ ಪರೀಕ್ಷಿಸಬೇಕಾದ ಜಾಗದಲ್ಲಿಡಿ. ಕೊನೆಗೆ ಮತ್ತೆ ಮೊದಲಿನ ಪ್ಲಗ್ಗಿನಲ್ಲಿಟ್ಟು ಅದಿನ್ನೂ ಬದುಕಿದೆಯೆಂದು ಖಾತ್ರಿ ಮಾಡಿಕೊಳ್ಳಿ. ಇಷ್ಟಾದ ಮೇಲೂ ಮೇನ್ ಸ್ವಿಚ್ ತೆಗೆಯದೆ ತಂತಿಗೆ ಕೈ ಹಾಕಬಾರದು. ನೀರಿಗೆ ಬಿದ್ದ, ಹಿಡಿ ಬಿರುಕು ಬಿಟ್ಟ ಟೆಸ್ಟರನ್ನು ಎಸೆದುಬಿಡಿ. ಒಳಗೆ ನೀರು ಸೇರಿದರೆ ರೆಸಿಸ್ಟರನ್ನು ಬಳಸಿಕೊಂಡು ಕರೆಂಟು ನೇರ ಬೆರಳಿಗೆ ಬರಬಹುದು. ಕಳೆದುಹೋದ ರೆಸಿಸ್ಟರಿನ ಜಾಗಕ್ಕೆ ತಂತಿ ತುಂಡನ್ನೋ ಮೊಳೆಯನ್ನೋ ಸೇರಿಸುವ ಜಾಣತನವಂತೂ ಪ್ರಾಣಕ್ಕೇ ಎರವಾದೀತು.

ಬೀದಿಯ ನಿಯಾನ್ ಫಲಕಗಳ ಜಾಗಕ್ಕೆ ಈಗ ಎಲ್‌ಇಡಿ ಬಂದಿದೆ, ಸ್ವಿಚ್ ಬೋರ್ಡಿನ ಇಂಡಿಕೇಟರುಗಳೂ ಒಂದೊಂದಾಗಿ ಅದರ ವಶವಾಗುತ್ತಿವೆ. ನಿಯಾನ್ ಅನಿಲಕ್ಕೆ ಇಂದು ದೊಡ್ಡ ಬೇಡಿಕೆಯಿರುವುದು ಕಂಪ್ಯೂಟರ್ ಚಿಪ್ಪುಗಳನ್ನು ಕೊರೆಯುವ ಲೇಸರುಗಳಿಗಾಗಿ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿನ ನಿಯಾನ್ ಕಾರ್ಖಾನೆಗಳು ಸ್ಥಗಿತಗೊಂಡು ಚಿಪ್ ತಯಾರಕರು ಗಾಬರಿಯಾದದ್ದುಂಟು. ಆದರೆ ಹೆಚ್ಚು ವೋಲ್ಟೇಜು, ಅತ್ಯಲ್ಪ ಕರೆಂಟು, ಬ್ಯಾಟರಿಯಿಲ್ಲದ ಸರಳತೆ ಈ ಮೂರೂ ಒಟ್ಟಿಗೆ ಬೇಕಾದ ಟೆಸ್ಟರಿನಲ್ಲಿ ನೂರು ವರ್ಷ ದಾಟಿದ ಈ ದೀಪ ಇನ್ನೂ ನಿವೃತ್ತಿಯಾಗಿಲ್ಲ. ಅದು ಬೆಳಗಿದಾಗ ಎಚ್ಚರವಾಗಿರಿ. ಬೆಳಗದಿದ್ದಾಗ ಇನ್ನೂ ಎಚ್ಚರವಾಗಿರಿ.